ಅವಳಿ ಮರಿಯ ವಂಶವಾಹಿ: ದಖ್ಖನಿ ಕುರಿಯಲ್ಲಿ ಗುರುತು ನೋಡಿ ಮಾಡುವ ತಳಿ ಆಯ್ಕೆ

ವಂಶವಾಹಿ ಗುರುತು ಎಂದರೆ ಒಂದು ಗುಣದ ಜೊತೆಗೇ ಪೀಳಿಗೆಯಿಂದ ಪೀಳಿಗೆಗೆ ಸಾಗಿ ಬರುವ, ರಕ್ತದ ಹನಿಯೊಂದರಿಂದ ಪತ್ತೆ ಹಚ್ಚಬಹುದಾದ ಡಿಎನ್‌ಎ ವ್ಯತ್ಯಾಸ. ಜೀವಂತ ಪ್ರಾಣಿಯಲ್ಲಿ ಆ ಗುಣ ಕಣ್ಣಿಗೆ ಕಾಣದಿದ್ದಾಗಲೇ ಇದರ ಬೆಲೆ ಹೆಚ್ಚು. ಹಂದಿ ಸಾಕಣೆ ಇದನ್ನು ಮೊದಲೇ ಕಂಡುಕೊಂಡಿತು. ಗಾಬರಿಗೊಂಡರೆ ಸೆಟೆದು ಸಾಯುವ, ಕೊಯ್ದ ಮೇಲೆ ಮಾಂಸ ಬಿಳಿಚಿ ನೀರೊಡೆಯುವ ಹಂದಿಗಳನ್ನು ಗುರುತಿಸಲು ಹ್ಯಾಲೋಥೇನ್ ಅನಿಲವನ್ನು ಉಸಿರಾಡಿಸಿ ನೋಡಬೇಕಾಗಿತ್ತು, ಆದರೂ ದೋಷದ ಒಂದೇ ಪ್ರತಿಯನ್ನು ಹೊತ್ತವು ಬಹುತೇಕ ತಪ್ಪಿಸಿಕೊಳ್ಳುತ್ತಿದ್ದವು. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹರಿವನ್ನು ನಿಯಂತ್ರಿಸುವ ವಂಶವಾಹಿಯ ಒಂದೇ ಅಕ್ಷರದ ಬದಲಾವಣೆ ಇದಕ್ಕೆ ಕಾರಣವೆಂದು 1991ರಲ್ಲಿ ತಿಳಿದ ಮೇಲೆ ದೋಷವನ್ನು ಹಿಂಡಿನಿಂದಲೇ ತೆಗೆಯುವುದು ಸಾಧ್ಯವಾಯಿತು.

ಆಳಂದ, ಅಫಜಲಪುರ, ಜೇವರ್ಗಿಗಳ ಬಯಲಿನಲ್ಲಿ ಇಂಥ ಪ್ರಯೋಗವನ್ನು ಅಳೆದು ನೋಡಬೇಕಾದದ್ದು ದಖ್ಖನಿ ಕುರಿಯ ಮೇಲೆ. ಮಹಾರಾಷ್ಟ್ರ, ತೆಲಂಗಾಣಗಳಿಗೂ ಹಬ್ಬಿರುವ ಈ ತಳಿ ಒಣ ಮೇವಿನಲ್ಲಿ ದೂರ ನಡೆದು ಬದುಕುತ್ತದೆ, ಆದರೆ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಗಡಿಯಾಚೆ ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಇದಕ್ಕೆ ಪರಿಹಾರವನ್ನು ಹುಡುಕಿದ್ದು ಸುಂದರಬನದ ಗ್ಯಾರೋಲ್ ಎಂಬ ಪುಟ್ಟ ಕುರಿಯಲ್ಲಿ. ಅಂಡಾಶಯದಲ್ಲಿ ಒಮ್ಮೆಗೆ ಹೆಚ್ಚು ಅಂಡಗಳು ಬಲಿಯುವಂತೆ ಮಾಡುವ ಫೆಕ್-ಬಿ ಎಂಬ ರೂಪಾಂತರವನ್ನು ಗ್ಯಾರೋಲ್ ಹೊತ್ತಿದೆ. ಆಸ್ಟ್ರೇಲಿಯಾದ ಬೂರೂಲಾ ಮೆರಿನೋ ಕುರಿಗಳಲ್ಲಿ ಹೆಸರಾದ ಈ ರೂಪಾಂತರದ ನೆಲೆ 2001ರಲ್ಲಿ ಖಚಿತವಾಯಿತು. ಟಗರು ತಾನು ಮರಿ ಹಾಕುವುದಿಲ್ಲವಾದ್ದರಿಂದ ಅದರಲ್ಲಿ ಈ ಗುಣವಿದೆಯೇ ಎಂದು ತಿಳಿಯಲು ಅದರ ಹೆಣ್ಣುಮಕ್ಕಳು ಈಯುವವರೆಗೆ ಕಾಯಬೇಕಿತ್ತು. ಡಿಎನ್‌ಎ ಪರೀಕ್ಷೆ ಆ ವರ್ಷಗಳನ್ನು ಉಳಿಸಿತು. ದಖ್ಖನಿಯ ಮೈಕಟ್ಟಿಗೆ ಮರಳುವಂತೆ ಮತ್ತೆ ಮತ್ತೆ ಸಂಕರ ಮಾಡುತ್ತ, ಪ್ರತಿ ಪೀಳಿಗೆಯಲ್ಲೂ ರೂಪಾಂತರ ಹೊತ್ತವನ್ನು ಮಾತ್ರ ಉಳಿಸಿಕೊಂಡು ಬಂದ ಕೆಲಸದ ಫಲವೇ ನಾರಿ ಸುವರ್ಣ ಕುರಿ.

ಈ ಕೆಲಸದ ಹಿರಿಮೆ ಪ್ರಯೋಗಾಲಯದ ಹೊರಗಿದೆ. ಗುರುತನ್ನು ಪ್ರಬಂಧದಲ್ಲೇ ಬಿಡದೆ ಸಾಮಾನ್ಯ ಸಾಕಣೆದಾರರ ಹಿಂಡಿಗೆ ಒಯ್ದು, ಹುಟ್ಟಿದ ಮರಿಗಳಲ್ಲಿ ಬದುಕಿದವು ಎಷ್ಟು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅಪರೂಪದ ಪ್ರಾಮಾಣಿಕತೆ. ಒಂದು ಪ್ರತಿ ಹೊತ್ತ ದಖ್ಖನಿ ಸಂಕರದ ಕುರಿ ಸೂಲಿಗೆ ಸರಾಸರಿ ಸುಮಾರು ಅರ್ಧ ಮರಿಯಷ್ಟು ಹೆಚ್ಚು ಹಾಕುತ್ತದೆ. ಮೆರಿನೋದಲ್ಲಿ ಕಾಣುವ ಮೂರು, ನಾಲ್ಕು ಮರಿಗಳ ಸೂಲು ಇಲ್ಲಿ ವಿರಳವಾದ್ದರಿಂದ ಒಣ ಸೀಮೆಗೆ ಈ ಮಿತವಾದ ಹೆಚ್ಚಳವೇ ಒಳ್ಳೆಯದು.

ಆದರೆ ಇದು ಮರಿಯ ಸಂಖ್ಯೆಯ ಗುರುತು, ಮಾಂಸದ ಗುರುತಲ್ಲ. ಹಂದಿಯಲ್ಲಿ 2003ರಲ್ಲಿ ಪತ್ತೆಯಾದ ಐಜಿಎಫ್-2 ವಂಶವಾಹಿಯ ರೂಪಾಂತರ ತಂದೆಯಿಂದ ಬಂದಾಗ ಮಾತ್ರ ಕೆಲಸ ಮಾಡಿ ಸ್ನಾಯುವನ್ನು ಶೇಕಡಾ 3ರಿಂದ 4ರಷ್ಟು ಹೆಚ್ಚಿಸುತ್ತದೆ. ಅಂಥ ದೊಡ್ಡ ಪರಿಣಾಮದ ವಂಶವಾಹಿಗಳು ವಿರಳ. ಬೆಳವಣಿಗೆ ಬಹುಪಾಲು ನೂರಾರು ಸಣ್ಣ ಪರಿಣಾಮಗಳ ಮೊತ್ತ. ಕೆಲವೇ ಪ್ರಾಣಿಗಳ ರಕ್ತ ತೆಗೆದು, ಒಂದು ವಂಶವಾಹಿಗೂ ಮೈತೂಕಕ್ಕೂ ನಂಟಿದೆಯೆಂದು ಸಾರುವ ಅಧ್ಯಯನಗಳಿಂದ ಹಿಂಡು ಸುಧಾರಿಸದಿರುವುದಕ್ಕೆ ಇದೇ ಕಾರಣ. ಮರಿಯ ಸಂಖ್ಯೆ ಹೆಚ್ಚುವುದಕ್ಕೂ ಬೆಲೆ ತೆರಬೇಕು: ಅವಳಿ ಮರಿಗಳು ಒಂಟಿ ಮರಿಗಿಂತ ಹಗುರವಾಗಿ ಹುಟ್ಟುತ್ತವೆ. ತಾಯಿಗೆ ಹಾಲು ಸಾಲದಿದ್ದರೆ ಎರಡನೆಯದು ಉಳಿಯುವುದಿಲ್ಲ. ಗಬ್ಬದ ಕೊನೆಯ ವಾರಗಳಲ್ಲಿ ತೊಗರಿ ಹೊಟ್ಟಾದರೂ ಕೈಗೆ ಸಿಗುವ ಮನೆಗೆ ಈ ಕುರಿ ಲಾಭ ತರಬಹುದು, ಆದರೆ ಬೇಸಗೆಯಲ್ಲಿ ಮೇವು ಹುಡುಕಿ ಊರೂರು ಅಲೆಯುವ ಹಿಂಡಿಗೆ ಅದೇ ಗುಣ ಭಾರವಾದೀತು.

ಫೆಕ್-ಬಿಯ ಎರಡೂ ಪ್ರತಿ ಹೊತ್ತ ಟಗರನ್ನು ಹಿಂಡಿಗೆ ಬಿಟ್ಟರೆ ಹೆಣ್ಣು ಮರಿಗಳೆಲ್ಲವೂ ಒಂದು ಪ್ರತಿ ಪಡೆಯುತ್ತವೆ. ಒಂದೇ ಪ್ರತಿಯ ಟಗರಾದರೆ ಅರ್ಧದಷ್ಟು ಮಾತ್ರ. ಹಲವು ಟಗರುಗಳು ಒಟ್ಟಿಗೆ ಮೇಯುವ ಹಿಂಡಿನಲ್ಲಿ ಯಾವ ಮರಿ ಯಾವುದರದೆಂಬ ದಾಖಲೆ ಇರುವುದಿಲ್ಲ, ಸಂತೆಯಲ್ಲಿ ವ್ಯಾಪಾರ ಬಹುಮಟ್ಟಿಗೆ ಕಣ್ಣಂದಾಜಿನಲ್ಲೇ ನಡೆಯುವುದರಿಂದ ತೂಕದ ದಾಖಲೆಯೂ ಉಳಿಯುವುದಿಲ್ಲ. ಮಾಂಸದ ಗುಣಕ್ಕೆ ಗುರುತು ಹುಡುಕುವ ಮುನ್ನ ಈ ಸೀಮೆಗೆ ಬೇಕಾದದ್ದು ಕಿವಿಯ ಬಿಲ್ಲೆ, ತಕ್ಕಡಿ, ಮತ್ತು ಮೂರು ತಿಂಗಳ ಮರಿಯ ತೂಕವನ್ನು ಬರೆದಿಡುವ ಒಂದು ಪುಸ್ತಕ.