ರಿಸೆಪ್ಟರ್ ಬೀಗವಲ್ಲ

ಔಷಧ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಕಾಲೇಜಿನ ಪಾಠದಲ್ಲೂ ಜನಪ್ರಿಯ ಆರೋಗ್ಯ ಲೇಖನದಲ್ಲೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಜೀವಕೋಶದ ಪೊರೆಯ ಮೇಲಿರುವ ರಿಸೆಪ್ಟರ್ ಒಂದು ಬೀಗ. ಅಡ್ರಿನಲಿನ್, ಹಿಸ್ಟಮಿನ್‌ನಂಥ ದೇಹದ್ದೇ ಅಣುಗಳು ಅದರ ಬೀಗದ ಕೈ. ಬೀಟಾ ಬ್ಲಾಕರ್‌ನಂಥ ಮಾತ್ರೆಯೆಂದರೆ ಬೀಗದೊಳಗೆ ಸಿಕ್ಕಿಕೊಂಡು, ನಿಜವಾದ ಕೈಗೆ ಜಾಗವಿಲ್ಲದಂತೆ ಮಾಡುವ ತಪ್ಪು ಕೈ. ನೆನಪಿಡಲು ಸುಲಭವಾದ ಈ ಚಿತ್ರ ಮೂರು ಕಡೆ ತಪ್ಪುತ್ತದೆ, ಮತ್ತು ಆ ತಪ್ಪಿಗೆ ಕೊನೆಗೆ ಬೆಲೆ ತೆರಬೇಕಾದವನು ರೋಗಿ.

ಈ ಹೋಲಿಕೆ ರಿಸೆಪ್ಟರ್‌ಗಾಗಿ ಹುಟ್ಟಿದ್ದೇ ಅಲ್ಲ. ಕಿಣ್ವಕ್ಕೂ ಸಕ್ಕರೆಗೂ ಇರುವ ಸಂಬಂಧವನ್ನು ವಿವರಿಸಲು ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಅದನ್ನು ಬಳಸಿದರು. ಸ್ನಾಯುವಿನ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ಪ್ರಯೋಗಿಸಿ ನೋಡಿದ ಕೇಂಬ್ರಿಡ್ಜಿನ ಜಾನ್ ಲ್ಯಾಂಗ್ಲಿ, ಕೋಶದಲ್ಲಿ ಔಷಧವನ್ನು ಸ್ವೀಕರಿಸುವ ವಸ್ತುವೊಂದಿದೆ ಎಂದದ್ದು 1905ರಲ್ಲಿ. ಮುಂದೆ ಎರಡೂ ವಿಚಾರಗಳು ಒಂದಾಗಿಹೋದವು. ಅದರಿಂದ ಆದ ಉಪಕಾರ ಸಣ್ಣದಲ್ಲ. ಅಡ್ರಿನಲಿನ್ ಕೂರುವ ಜಾಗದಲ್ಲೇ ಕೂರುವ ಅಣುವನ್ನು ಹುಡುಕುತ್ತ ಹೋದ ಜೇಮ್ಸ್ ಬ್ಲ್ಯಾಕ್, 1960ರ ದಶಕದಲ್ಲಿ ಪ್ರೊಪ್ರನಲಾಲ್ ಕೊಟ್ಟರು. ಅದೇ ದಾರಿಯಲ್ಲಿ ಹೊಟ್ಟೆಯ ಆಮ್ಲಕ್ಕೆ ಸಿಮೆಟಿಡಿನ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಸಂದಿತು. ಆದರೆ ಔಷಧವನ್ನು ಹುಡುಕಲು ನೆರವಾದ ಚಿತ್ರವೇ ಔಷಧವನ್ನು ಅರಿಯಲೂ ಸಾಕೆಂದು ನಂಬುವುದು ಸರಿಯಲ್ಲ.

ಮೊದಲ ತಪ್ಪು, ಮಾತ್ರೆ ಸಿಕ್ಕಿಕೊಂಡು ಕೂರುತ್ತದೆ ಎಂಬುದು. ಬೀಟಾ ರಿಸೆಪ್ಟರ್ ಎಂದರೆ ಕೋಶಪೊರೆಯನ್ನು ಏಳು ಸಲ ದಾಟಿ ಮಡಿಸಿಕೊಂಡ ಪ್ರೋಟೀನು. ಆ ಏಳು ಸುರುಳಿಗಳ ನಡುವಿನ ಕುಳಿಯಲ್ಲಿ ಅಡ್ರಿನಲಿನ್ ಬಂದು ನೆಲೆಸುತ್ತದೆ. ಪ್ರೊಪ್ರನಲಾಲ್ ಕೂರುವುದೂ ಅಲ್ಲೇ. ಅದರ ಧನ ವಿದ್ಯುದಂಶದ ನೈಟ್ರೋಜನ್ನನ್ನು ಕುಳಿಯ ಗೋಡೆಯ ಆಸ್ಪಾರ್ಟಿಕ್ ಆಮ್ಲದ ಋಣ ವಿದ್ಯುದಂಶ ಸೆಳೆದಿಟ್ಟುಕೊಳ್ಳುತ್ತದೆ. ಜಿಡ್ಡಿನ ಸ್ವಭಾವದ ಉಂಗುರಗಳು ಪಕ್ಕದ ಸುರುಳಿಗಳಿಗೆ ಒತ್ತಿಕೊಳ್ಳುತ್ತವೆ. ಇವೆಲ್ಲ ಬಿಡಿಬಿಡಿಯಾಗಿ ದುರ್ಬಲ ಬಂಧಗಳೇ. ಅಣು ಬರುತ್ತದೆ, ಕೂರುತ್ತದೆ, ಬಿಟ್ಟು ಹೋಗುತ್ತದೆ, ಇನ್ನೊಂದು ಬರುತ್ತದೆ. ಯಾವ ಗಳಿಗೆಯಲ್ಲಿ ಎಷ್ಟು ರಿಸೆಪ್ಟರ್‌ಗಳು ಯಾರ ವಶದಲ್ಲಿವೆ ಎಂಬುದನ್ನು ನಿರ್ಧರಿಸುವುದು ಎರಡೂ ಅಣುಗಳ ಸಾಂದ್ರತೆ ಮತ್ತು ಅಂಟಿಕೊಳ್ಳುವ ಶಕ್ತಿ. ಅಡ್ರಿನಲಿನ್ ಬಹಳ ಏರಿದರೆ ಮಾತ್ರೆಯ ಹಿಡಿತ ಸಡಿಲವಾಗುತ್ತದೆ.

ಎರಡನೆಯ ತಪ್ಪು ಇನ್ನೂ ಆಳದ್ದು. ಕೈ ಹಾಕದ ಬೀಗ ಸುಮ್ಮನಿರುತ್ತದೆ, ರಿಸೆಪ್ಟರ್ ಸುಮ್ಮನಿರುವುದಿಲ್ಲ. ಅದು ವಿರಾಮದ ರೂಪಕ್ಕೂ ಚುರುಕಿನ ರೂಪಕ್ಕೂ ನಡುವೆ ತಾನಾಗಿಯೇ ಓಲಾಡುತ್ತ, ಯಾರೂ ಮುಟ್ಟದಿದ್ದರೂ ಕೋಶದೊಳಕ್ಕೆ ಸಣ್ಣ ಪ್ರಮಾಣದ ಸಂಕೇತ ಕಳಿಸುತ್ತಿರುತ್ತದೆ. ಓಪಿಯಾಯ್ಡ್ ರಿಸೆಪ್ಟರ್‌ಗಳಲ್ಲಿ ಕೋಸ್ಟಾ ಮತ್ತು ಹರ್ಟ್ಸ್ 1989ರಲ್ಲಿ ಇದನ್ನು ತೋರಿಸಿದರು: ಕೆಲವು ಔಷಧಗಳು ಜಾಗ ಹಿಡಿಯುವುದಷ್ಟೇ ಅಲ್ಲದೆ ಈ ತಾನಾಗಿಯೇ ಹೊಮ್ಮುವ ಸಂಕೇತವನ್ನೂ ತಗ್ಗಿಸುತ್ತವೆ. ನೆಗಡಿ, ತುರಿಕೆಗೆಂದು ಮನೆಮನೆಯಲ್ಲಿರುವ ಸೆಟ್ರಿಜಿನ್ ಈ ಗುಂಪಿನದೇ. ಅದು ಹಿಸ್ಟಮಿನ್ ರಿಸೆಪ್ಟರನ್ನು ವಿರಾಮದ ರೂಪದಲ್ಲಿ ಹಿಡಿದಿಡುತ್ತದೆ. ಮತ್ತೆ ಕೆಲವು ಔಷಧಗಳು ಜಾಗ ಹಿಡಿದುಕೊಂಡೇ ರಿಸೆಪ್ಟರನ್ನು ಅಷ್ಟಿಷ್ಟು ಚುರುಕುಗೊಳಿಸುತ್ತವೆ.

ಇದು ಬರೀ ಪ್ರಯೋಗಶಾಲೆಯ ಸೂಕ್ಷ್ಮವೆಂದು ತಳ್ಳಿಹಾಕುವವರು ಹೃದಯ ವೈಫಲ್ಯದ ಚರಿತ್ರೆ ನೋಡಬೇಕು. ಕ್ಸಾಮೊಟೆರಾಲ್ ಅಡ್ರಿನಲಿನ್‌ನ ಜಾಗ ಹಿಡಿದು, ತಾನೂ ಕೊಂಚ ಚುರುಕು ಕೊಡುವ ಔಷಧ. ತೀವ್ರ ಹೃದಯ ವೈಫಲ್ಯವಿದ್ದ 516 ಜನರ ಮೇಲಿನ ಪರೀಕ್ಷೆಯ ಫಲಿತಾಂಶ 1990ರಲ್ಲಿ ಬಂದಾಗ, ಅದನ್ನು ಪಡೆದವರಲ್ಲಿ ಸತ್ತವರು 9.1 ಶೇಕಡಾ, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 3.7 ಶೇಕಡಾ. ಬಿಸೊಪ್ರೊಲಾಲ್ ಕೂರುವುದೂ ಅದೇ ಕುಳಿಯಲ್ಲಿ, ಆದರೆ ಅದು ಚುರುಕು ಕೊಡುವುದಿಲ್ಲ. 1999ರಲ್ಲಿ ಪ್ರಕಟವಾದ, 2,647 ರೋಗಿಗಳ ಪರೀಕ್ಷೆಯಲ್ಲಿ ಅದು ಸಾವನ್ನು 17.3ರಿಂದ 11.8 ಶೇಕಡಾಕ್ಕೆ ಇಳಿಸಿತು. ಬೀಗದ ಚಿತ್ರದಲ್ಲಿ ಈ ಎರಡೂ ಒಂದೇ ಬಗೆಯ ತಪ್ಪು ಕೈಗಳು. ರೋಗಿಯ ಪಾಲಿಗೆ ಒಂದು ಕುತ್ತು, ಇನ್ನೊಂದು ಆಸರೆ. ಸೋತ ಹೃದಯಕ್ಕೆ ಅಡ್ರಿನಲಿನ್‌ನ ಬೆಂಬಲ ಬೇಕೇ ಬೇಕು, ಅದನ್ನು ತಡೆಯಬಾರದು ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು 1975ರಲ್ಲೇ ಬೇರೆ ಮಾತು ಹೇಳಿದ್ದರೂ ಆ ನಂಬಿಕೆ ಕದಲಲು ಎರಡು ದಶಕ ಹಿಡಿಯಿತು.

ಮೂರನೆಯ ತಪ್ಪಿನಿಂದಲೇ ನಿತ್ಯದ ಬದುಕಿಗೆ ಹೆಚ್ಚು ಕೇಡು. ಬೀಗಕ್ಕೆ ತನಗೇನಾಯಿತೆಂಬ ಅರಿವಿಲ್ಲ, ಕೋಶಕ್ಕೆ ಇದೆ. ಸಂಕೇತ ಕಡಿಮೆಯಾದದ್ದನ್ನು ಗುರುತಿಸಿ ಅದು ಪೊರೆಯ ಮೇಲೆ ರಿಸೆಪ್ಟರ್‌ಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಬಹುದಿನದಿಂದ ಬೀಟಾ ಬ್ಲಾಕರ್ ನುಂಗುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ, ಮೈಯಲ್ಲಿನ ಅಡ್ರಿನಲಿನ್ ಈಗ ಮೊದಲಿಗಿಂತ ಹೆಚ್ಚು ರಿಸೆಪ್ಟರ್‌ಗಳ ಮೇಲೆ ಎರಗುತ್ತದೆ. ಎದೆಬಡಿತ ಏರುತ್ತದೆ. ಹೃದಯದ ರಕ್ತನಾಳದ ರೋಗವಿದ್ದವರಿಗೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಆದ್ದರಿಂದಲೇ ಈ ಮಾತ್ರೆಗಳನ್ನು ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕೆಂಬ ಎಚ್ಚರಿಕೆ ಇರುವುದು. “ಬಿಪಿ ಸರಿಹೋಯಿತು, ಮಾತ್ರೆ ಸಾಕು” ಎಂದು ನಿಲ್ಲಿಸುವವರನ್ನು ಹಳಿಯುವ ಮೊದಲು, ನಾವು ಅವರಿಗೆ ಕೊಟ್ಟ ಚಿತ್ರ ಯಾವುದೆಂದು ಕೇಳಿಕೊಳ್ಳಬೇಕು. ಸಿಕ್ಕಿಕೊಂಡ ಕೈಯನ್ನು ತೆಗೆದರೆ ಬೀಗ ಮೊದಲಿನಂತಾಗುತ್ತದೆ. ಆ ಚಿತ್ರವನ್ನು ನಂಬಿದವರು ಮಾತ್ರೆ ಬಿಟ್ಟರೆ ಮೈಯೂ ಮೊದಲಿನಂತಾಗುತ್ತದೆಂದು ತಿಳಿಯುವುದು ಸಹಜವೇ.

ಸಾಮಾನ್ಯರಿಗೆ ಇಷ್ಟೆಲ್ಲ ಬೇಡ, ಸರಳ ಚಿತ್ರ ಸಾಕು ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ನಿಜವೂ ಸರಳವಾಗಿಯೇ ಇದೆ: ರಿಸೆಪ್ಟರ್ ಸದಾ ಅಲುಗುವ ಪ್ರೋಟೀನು, ಮಾತ್ರೆ ಅದನ್ನು ಒಂದು ಭಂಗಿಯತ್ತ ವಾಲಿಸುತ್ತದೆ, ಕೋಶ ಅದಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುತ್ತದೆ. ಮೂರು ವಾಕ್ಯಗಳಲ್ಲಿ ಹೇಳಬಹುದಾದ ಇದನ್ನು ನಮ್ಮ ಪಠ್ಯಗಳು ಹೇಳಲಿ, ಚೀಟಿ ಬರೆದುಕೊಡುವ ವೈದ್ಯರು ಹೇಳಲಿ, ಮಾತ್ರೆ ಎಣಿಸಿಕೊಡುವ ಔಷಧದಂಗಡಿಯವರೂ ಹೇಳಲಿ. ಎಷ್ಟೋ ವರ್ಷ ಒಂದೇ ಮಾತ್ರೆಯನ್ನು ನುಂಗಬೇಕಾದವರಿಗೆ, ಅದು ತಮ್ಮ ಮೈಯನ್ನು ಹೇಗೆ ಬದಲಿಸುತ್ತದೆಂದು ತಿಳಿಯುವ ಹಕ್ಕಿದೆ.