ಒಂದು ಇನಿಷಿಯಲ್ಲಿನ ಆಟ

ಕೊತ್ತಗೆರೆಯಂಥ ಊರಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಇನಿಷಿಯಲ್ಲೇ ಗತಿ. ರೇಷನ್ ಕಾರ್ಡಿನಲ್ಲಿ ಅದು ತಪ್ಪಿದರೆ ಕುಣಿಗಲ್ ತಾಲ್ಲೂಕು ಕಚೇರಿಗೆ ಅಲೆದಾಟ. ಎ.ಕೆ. ರಾಮಾನುಜನ್ ಅದನ್ನೇ ಕಾದಂಬರಿಯ ಬಂಡವಾಳ ಮಾಡಿಕೊಂಡರು. ‘ಮತ್ತೊಬ್ಬನ ಆತ್ಮಚರಿತ್ರೆ’ (1978) ಹೇಳುವವನು ಕೆ.ಕೆ. ರಾಮಾನುಜನ್. ಬರೆದವನೂ ಬದುಕಿದವನೂ ಬೇರೆಯೋ ಒಬ್ಬನೋ? ತಲೆಬರಹದಲ್ಲೇ ಕುಚೋದ್ಯ ಶುರು.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ತಮಿಳು ಮನೆಮಾತಾಗಿ, ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿ, ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿ, ವಚನಗಳನ್ನು ಇಂಗ್ಲಿಷಿಗೆ ಕೊಟ್ಟವರು ಅವರು. ‘ನಾನು ಯಾರು’ ಎಂಬ ಪ್ರಶ್ನೆ ಅವರಿಗೆ ಅಮೆರಿಕದ ಕಾದಂಬರಿಕಾರರಿಂದ ಎರವಲು ತರಬೇಕಾದ್ದಾಗಿರಲಿಲ್ಲ. ಅದನ್ನು ಗೋಳಾಗಿಸದೆ ತುಂಟತನದಿಂದ ಕೇಳಿದ್ದೇ ನನಗೆ ಹೆಚ್ಚು ಇಷ್ಟ. ಕವಿ ರಾಮಾನುಜನ್‌ರನ್ನು ಹೊಗಳುವವರು ಈ ಸಣ್ಣ ಕಾದಂಬರಿಯನ್ನು ಮರೆತೇಬಿಡುತ್ತಾರೆ. ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ.