ಆಡಿ ಗಾಳಿಯಲ್ಲಿ ಮೈಲೇಜು

ಈ ವಾರ ಬಾಲದ ವಿಷಯ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹ್ಯಾಚ್‌ಬ್ಯಾಕ್ ಕಾರಿನ ಬೆನ್ನಿಗೆ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನಿಂದ ಕಟ್ಟುವ ಬೋಟ್‌ಟೇಲ್ ಎಷ್ಟು ಉದ್ದವಿರಬೇಕು, ಎಷ್ಟು ಇಳಿಜಾರಾಗಿರಬೇಕು ಎಂದು ಕೇಳಿದವರು ಹಲವರು. ಕೊಟ್ಟ ಮಾತನ್ನು ಮೊದಲು ತೀರಿಸಿಬಿಡುತ್ತೇನೆ. ಇಳಿಜಾರು ಹತ್ತು ಹನ್ನೆರಡು ಡಿಗ್ರಿ ದಾಟದಿರಲಿ. ಕಡಿದಾದಷ್ಟೂ ಗಾಳಿ ಶೀಟಿನ ಮೈ ಬಿಟ್ಟು ಹರಿಯುತ್ತದೆ, ಕಟ್ಟಿದ ಬಾಲ ಬರೀ ಭಾರವಾಗಿ ಉಳಿಯುತ್ತದೆ. 1984ರಲ್ಲಿ ಅಹ್ಮದ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಒಂದು ಸರಳ ಕಾರಿನ ಮಾದರಿ ಮಾಡಿ, ಅದರ ಹಿಂಬದಿಯ ಓರೆಯನ್ನು ಬದಲಿಸುತ್ತ ಗಾಳಿಸುರಂಗದಲ್ಲಿ ಅಳೆದರು. 30 ಡಿಗ್ರಿಯ ಹತ್ತಿರ ಗಾಳಿಯ ತಡೆ ತುತ್ತತುದಿಗೆ ಏರಿತು. ಎರಡೂ ಅಂಚುಗಳಿಂದ ಹುಟ್ಟಿದ ಜೋಡಿ ಸುಳಿಗಳು ಕಾರನ್ನು ಹಿಂದಕ್ಕೆ ಜಗ್ಗುತ್ತಿದ್ದವು. ಅಂದಾಜಿನ ಮೇಲೆ ಬಾಲ ಕತ್ತರಿಸುವವರು ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಉದ್ದದ ಮಾತಿಗೆ 1930ರ ದಶಕದಲ್ಲೇ ಸ್ಟಟ್‌ಗಾರ್ಟ್‌ನ ಎಂಜಿನಿಯರ್ ವುನಿಬಾಲ್ಡ್ ಕಾಮ್ ಉತ್ತರ ಕೊಟ್ಟಿದ್ದಾರೆ. ಬಾಲವನ್ನು ಚೂಪಾಗುವ ತನಕ ಎಳೆಯಬೇಕಿಲ್ಲ, ಗಾಳಿ ಅಂಟಿಕೊಂಡಿರುವಷ್ಟು ದೂರ ಕಿರಿದು ಮಾಡಿ ಅಲ್ಲಿಗೆ ಕತ್ತರಿಸಿದರೆ ಲಾಭದ ಬಹುಪಾಲು ಕೈಗೆ ಬರುತ್ತದೆ. ಆದರೆ ಬಾಲ ಹಚ್ಚಿ ನಮ್ಮ ರಸ್ತೆಗೆ ಇಳಿಯಬೇಡಿ. ಅದು ದೀಪವನ್ನು ಮುಚ್ಚುತ್ತದೆ, ನಂಬರ್ ಪ್ಲೇಟನ್ನು ಮುಚ್ಚುತ್ತದೆ, ಹಿಂದೆ ಬರುವ ಬೈಕಿನವನ ಎದೆಯ ಮಟ್ಟಕ್ಕೆ ಅಂಚು ಚಾಚುತ್ತದೆ.

ಕೊಯಮತ್ತೂರಿನ ಪೋತ್ತನೂರಿನಲ್ಲಿ ಕೂತು ಇಷ್ಟಕ್ಕಿಂತ ಹೆಚ್ಚು ಬಾಲದ ಬಗ್ಗೆ ಬರೆಯಲು ಈ ವಾರ ಮನಸ್ಸು ಬಾರದು. ತಮಿಳು ಪಂಚಾಂಗದ ಆಡಿ ತಿಂಗಳು ಬಂದಿದೆ, ಗಾಳಿ ಎದ್ದಿದೆ. ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂಬ ಈ ಸೀಮೆಯ ಗಾದೆ ನಮ್ಮ ಕನ್ನಡದ ಮನೆಗಳಲ್ಲೂ ರೂಢಿಯಾಗಿದೆ. ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಇಲ್ಲಿ ಗುಟ್ಟೇನಲ್ಲ. ನೀಲಗಿರಿಗೂ ಆನೆಮಲೈಗೂ ನಡುವೆ ಪಶ್ಚಿಮ ಘಟ್ಟ ಸುಮಾರು 30 ಕಿ.ಮೀ. ಅಗಲಕ್ಕೆ ಬಾಗಿಲು ತೆರೆದಿದೆ. ಅದೇ ಪಾಲಕ್ಕಾಡ್ ಕಣಿವೆ. 1862ರಲ್ಲಿ ರೈಲು ಮಲಬಾರಿಗೆ ಇಳಿದದ್ದು ಅದೇ ಬಾಗಿಲಿನಿಂದ. ಪೋತ್ತನೂರು ಜಂಕ್ಷನ್ ಆದದ್ದೂ ಅದರಿಂದಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬೀ ಸಮುದ್ರದ ಗಾಳಿ ಆ ಕಿಂಡಿಯಲ್ಲಿ ಇರುಕಿ ವೇಗ ಹೆಚ್ಚಿಸಿಕೊಂಡು ನಮ್ಮ ಕಡೆ ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆ ಕಡೆಯ ಗಾಳಿಯಂತ್ರಗಳು ವರ್ಷದ ಗಳಿಕೆಯ ದೊಡ್ಡ ಭಾಗವನ್ನು ಮಾಡಿಕೊಳ್ಳುವುದು ಈ ತಿಂಗಳುಗಳಲ್ಲೇ.

ಕಾರಿನ ಆಕಾರ ತಿದ್ದಿ ಪೆಟ್ರೋಲು ಉಳಿಸುವ ನಮ್ಮ ಹವ್ಯಾಸಕ್ಕೂ ಈ ಗಾಳಿಗೂ ಇರುವ ಸಂಬಂಧವನ್ನು ಯಾರೂ ಸರಿಯಾಗಿ ಹೇಳಿಲ್ಲ ಎಂಬುದು ನನ್ನ ಹಳೆಯ ಅಸಮಾಧಾನ. ಕೊಯಮತ್ತೂರಿನ ವರ್ಕ್‌ಶಾಪುಗಳಲ್ಲಿ ಒಂದು ಪಂಗಡವಿದೆ. ಅವರನ್ನು ಎಂಜಿನ್ ಪಂಗಡ ಎನ್ನೋಣ. ಮೈಲೇಜು ಇರುವುದು ಟ್ಯೂನಿಂಗ್‌ನಲ್ಲಿ, ಏರ್ ಫಿಲ್ಟರ್‌ನಲ್ಲಿ, ಟೈರಿನ ಗಾಳಿಯಲ್ಲಿ ಎಂಬುದು ಅವರ ಮಾತು. ಆಕಾರದ ಲೆಕ್ಕವೆಲ್ಲ ಗಂಟೆಗೆ 120 ಕಿ.ಮೀ. ವೇಗದಲ್ಲಿ ಓಡುವ ಜರ್ಮನಿಗೆ, 60ರಲ್ಲಿ ತೆವಳುವ ನಮಗಲ್ಲ ಎಂದು ಅವರು ವಾದಿಸುತ್ತಾರೆ. ಫಿಲ್ಟರ್, ಟೈರಿನ ವಿಷಯದಲ್ಲಿ ಅವರು ಹೇಳುವುದು ನಿಜ. ಆಕಾರದ ವಿಷಯದಲ್ಲಿ ಅವರ ವಾದ ಪಾಲಕ್ಕಾಡಿಗೆ ಹೋಗುವ ವಾಳಯಾರ್ ರಸ್ತೆಯಲ್ಲಿ ನಿಲ್ಲುವುದಿಲ್ಲ. ಗಾಳಿ ಕೇಳುವುದು ಸ್ಪೀಡೋಮೀಟರಿನ ಅಂಕಿಯನ್ನಲ್ಲ, ಕಾರು ಗಾಳಿಯನ್ನು ಸೀಳುವ ವೇಗವನ್ನು.

ಲೆಕ್ಕ ಮಾಡೋಣ. ಒಂದು ಟನ್ ತೂಕದ ಸಣ್ಣ ಕಾರು, ತಡೆಯ ಗುಣಾಂಕ 0.35, ಎದುರಿನ ಹರವು 2 ಚದರ ಮೀಟರ್. ಟೈರು ನೆಲಕ್ಕೆ ಒಡ್ಡುವ ತಡೆ ಸುಮಾರು 11 ಕೆ.ಜಿ. ಭಾರದಷ್ಟು. ವೇಗ ಏರಿದರೂ ಅದು ಹೆಚ್ಚು ಬದಲಾಗದು. ಗಾಳಿಯ ತಡೆ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಶ್ಚಲ ಗಾಳಿಯಲ್ಲಿ 60ರ ಹತ್ತಿರ ಎರಡೂ ಸಮವಾಗುತ್ತವೆ, 80ರಲ್ಲಿ ಗಾಳಿಯದು 19 ಕೆ.ಜಿ. ದಾಟುತ್ತದೆ. ಈಗ ಎದುರಿನಿಂದ ಗಂಟೆಗೆ 30 ಕಿ.ಮೀ. ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಅದೇ ರಸ್ತೆಯಲ್ಲಿ ಎಟ್ಟಿಮಡೈ ದಾಟಿ 50ರಲ್ಲಿ ನಿಧಾನವಾಗಿ ಹೋಗುತ್ತಿರುವ ಕಾರಿನ ಮೂತಿಗೆ ಬಡಿಯುವುದು 80ರ ಗಾಳಿ. ಎಂಜಿನ್ ಪಂಗಡದವರ ‘ತೆವಳುವ’ ಕಾರು ಅಲ್ಲಿ ತನಗೆ ಅರಿವಿಲ್ಲದೆಯೇ ಹೆದ್ದಾರಿಯ ವೇಗದ ತಡೆಯನ್ನು ಹೊರುತ್ತಿದೆ. 80ರಲ್ಲಿ ಹೋದರೆ ತಡೆ 37 ಕೆ.ಜಿ., ಹತ್ತಿರ ಹತ್ತಿರ ಎರಡು ಪಟ್ಟು.

ಬರುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದಲ್ಲ, ಹೋದದ್ದು ಸಿಕ್ಕೀತು ಎನ್ನುವವರಿಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. 80ರಲ್ಲಿ ವಾಪಸು ಬರುವಾಗ ಕಾರು ಸೀಳುವುದು 50ರ ಗಾಳಿಯನ್ನು, ತಡೆ ಏಳೂವರೆ ಕೆ.ಜಿ. ಹೋಗಿಬಂದದ್ದರ ಸರಾಸರಿ ತೆಗೆಯಿರಿ, 22 ಕೆ.ಜಿ. ಬರುತ್ತದೆ. ನಿಶ್ಚಲ ಗಾಳಿಯಲ್ಲಿ ಹೋಗಿಬಂದಿದ್ದರೆ 19 ಇರುತ್ತಿತ್ತು. ಎದುರುಗಾಳಿ ಕಿತ್ತುಕೊಂಡದ್ದನ್ನು ಬೆನ್ನಗಾಳಿ ಪೂರ್ತಿ ಹಿಂದಿರುಗಿಸುವುದಿಲ್ಲ. ಆಡಿಯಲ್ಲಿ ಪಾಲಕ್ಕಾಡಿಗೆ ಹೋಗಿಬಂದು, ಎರಡೂ ದಿಕ್ಕಿನ ಸರಾಸರಿ ಹಿಡಿದು, ತಾವು ಮಾಡಿದ ತಿದ್ದುಪಡಿ ಕೆಲಸ ಮಾಡಲಿಲ್ಲ ಎಂದು ಶೀಟು ಕಿತ್ತೆಸೆದವರನ್ನು ಬಲ್ಲೆ. ಶೀಟಿನಲ್ಲಿ ದೋಷವಿರಲಿಲ್ಲ. ಅಳತೆಗೆ ಆರಿಸಿಕೊಂಡ ತಿಂಗಳು ತಪ್ಪು.

ಇನ್ನೊಂದು ಸಂಗತಿ ಅಡ್ಡಗಾಳಿ. ನೀಲಂಬೂರಿನಿಂದ ಮದುಕ್ಕರೈಗೆ ಬರುವ ಬೈಪಾಸಿನಲ್ಲಿ ಗಾಳಿ ನೇರ ಮೂತಿಗೆ ಬರುವುದಿಲ್ಲ, ಓರೆಯಾಗಿ ತಾಗುತ್ತದೆ. ಗಾಳಿಸುರಂಗದಲ್ಲಿ ನೇರ ಗಾಳಿಗೆ ಅಳೆದ ಗುಣಾಂಕ ಅಂಥ ಕಡೆ ಉಳಿಯುವುದಿಲ್ಲ, ಏರುತ್ತದೆ. ಚಾವಣಿಯ ಕ್ಯಾರಿಯರ್, ಬಾಗಿಲಿನ ಮೇಲಿನ ರೈನ್ ವೈಸರ್, ಚಕ್ರದ ತೆರೆದ ಕಿಂಡಿಗಳು ಅಲ್ಲಿ ತಮ್ಮ ಪಾಲನ್ನು ಇನ್ನಷ್ಟು ವಸೂಲಿ ಮಾಡುತ್ತವೆ. ಅಂಚುಗಳು ದುಂಡಗಿರುವ ಕಾರು ಇದನ್ನು ತಾಳಿಕೊಳ್ಳುತ್ತದೆ, ಡಬ್ಬದಂಥ ವ್ಯಾನು ತಾಳದು.

ಡಬ್ಬದ ಮಾತು ಬಂತು. ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನಾಸಾದ ಡ್ರೈಡನ್ ಕೇಂದ್ರದ ವ್ಯಾನು ಗೊತ್ತೇ ಇದೆ, ಆದರೂ ಅದನ್ನು ಮತ್ತೆ ನೆನೆಯದೆ ಇರಲಾರೆ. 1973ರಲ್ಲಿ ಅಲ್ಲಿನ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಟ್ರಕ್ಕುಗಳ ಗಾಳಿ ಮೊದಲು ತನ್ನನ್ನು ಆಚೆ ತಳ್ಳಿ ಆಮೇಲೆ ಒಳಕ್ಕೆ ಸೆಳೆಯುವುದನ್ನು ಗಮನಿಸಿದರು. ವಿಮಾನದ ಗಾಳಿ ಅಳೆಯುವ ಜನ ಒಂದು ಹಳೆಯ ಫೋರ್ಡ್ ವ್ಯಾನಿಗೆ ಸುತ್ತಲೂ ಅಲ್ಯೂಮಿನಿಯಂ ಶೀಟು ಬಿಗಿದು, ಬೇಕೆಂದೇ ಚೌಕ ಮೂಲೆಗಳ ಪೆಟ್ಟಿಗೆ ಮಾಡಿ, ರನ್‌ವೇ ಮೇಲೆ ಓಡಿಸಿ ಅಳೆದರು. ಆಮೇಲೆ ಒಂದೊಂದೇ ಮೂಲೆಯನ್ನು ದುಂಡು ಮಾಡುತ್ತ ಬಂದರು. ಮೂಲೆ ದುಂಡಾದದ್ದರಿಂದಲೇ ತಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ವ್ಯಾನಿನ ಒಳಗಿನ ಜಾಗದಲ್ಲಿ ಕಳೆದುಹೋದದ್ದು ಬಲು ಸ್ವಲ್ಪ. ಆಮೇಲೆ ಕೆಳಹೊಟ್ಟೆ ಮುಚ್ಚಿದರು, ಬಾಲ ಹಚ್ಚಿದರು, ಇನ್ನಷ್ಟು ಇಳಿಯಿತು. ಇಂದು ಹೆದ್ದಾರಿಗಳಲ್ಲಿ ಕಾಣುವ ದುಂಡು ಕ್ಯಾಬಿನ್ನಿನ ಲಾರಿಗಳಲ್ಲಿ ಆ ಕೆಲಸದ ಋಣವಿದೆ. ನಮ್ಮ ಹವ್ಯಾಸದ ಮೂಲಪುರುಷರು ಇವರು. ಬಿಗಿದ ಶೀಟು, ಸ್ಟಾಪ್‌ವಾಚ್, ಒಂದು ಸಲಕ್ಕೆ ಒಂದೇ ಬದಲಾವಣೆ.

ವೊಲ್ಫ್-ಹೈನ್ರಿಕ್ ಹೂಖೊ ಅವರ ‘ರಸ್ತೆ ವಾಹನಗಳ ಏರೋಡೈನಾಮಿಕ್ಸ್’ ಗ್ರಂಥವನ್ನು ನಾನು ಮತ್ತೆ ಮತ್ತೆ ತೆರೆಯುವುದೂ ಇದೇ ಕಾರಣಕ್ಕೆ. ಫೋಕ್ಸ್‌ವ್ಯಾಗನ್‌ನಲ್ಲಿ ದುಡಿದ ಆತ 1970ರ ದಶಕದ ಕಾರುಗಳ ಮೇಲೆ ಪ್ರಯೋಗಿಸಿದ ಕ್ರಮವನ್ನು ಅಲ್ಲಿ ವಿವರಿಸುತ್ತಾರೆ. ಆಕಾರವನ್ನು ರೂಪಿಸಿದ ಕಲಾವಿದ ಬೇರೆ, ಅವನ ಗೆರೆಗಳನ್ನು ಅಳಿಸುವ ಹಕ್ಕು ಗಾಳಿಯ ಎಂಜಿನಿಯರಿಗೆ ಇಲ್ಲ. ಹಾಗಾಗಿ ಬಾನೆಟ್ಟಿನ ಅಂಚು, ಗಾಜಿನ ಕಂಬ, ಹಿಂದಿನ ಚಾವಣಿಯ ತುದಿ, ಒಂದೊಂದನ್ನೂ ಮಿಲಿಮೀಟರುಗಳಲ್ಲಿ ತಿದ್ದುತ್ತ ಅಳೆಯುತ್ತ ಹೋಗಬೇಕು. ಮೂತಿಯ ಅಂಚನ್ನು ಸ್ವಲ್ಪ ದುಂಡು ಮಾಡಿದರೆ ತಡೆ ಸರ್ರನೆ ಇಳಿಯುತ್ತದೆ, ಒಂದು ಹಂತದ ಮೇಲೆ ಎಷ್ಟು ದುಂಡು ಮಾಡಿದರೂ ಏನೂ ಸಿಗದು. ಆ ಹಂತವನ್ನು ಗುರುತಿಸುವುದೇ ಕಸುಬು. ಎಷ್ಟು ಹೆಚ್ಚು ಅಂಟಿಸಿದರೆ ಅಷ್ಟು ಲಾಭ ಎಂದು ನಂಬಿದ ನಮ್ಮ ಹುಡುಗರು ಹೂಖೊ ಅವರ ಆ ಅಧ್ಯಾಯವನ್ನು ಓದಬೇಕು.

ಆ ಹುಡುಗರ ಮಾತಿಗೇ ಬರುತ್ತೇನೆ, ಏಕೆಂದರೆ ಎಂಜಿನ್ ಪಂಗಡಕ್ಕಿಂತ ನನಗೆ ಹೆಚ್ಚು ಸಂಕಟ ಕೊಡುವುದು ರೆಕ್ಕೆ ಪಂಗಡ. ಹತ್ತಿರದ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ರೇಸ್ ಕಾರುಗಳನ್ನು ನೋಡಿಬಂದವರು ಅದೇ ರೆಕ್ಕೆಯನ್ನು ಮನೆಯ ಕಾರಿನ ಡಿಕ್ಕಿಯ ಮೇಲೆ ನೆಟ್ಟು, ಏರೋಡೈನಾಮಿಕ್ ಆಯಿತು, ಇನ್ನು ಮೈಲೇಜು ಬರುತ್ತದೆ ಎನ್ನುತ್ತಾರೆ. ರೇಸ್ ಕಾರಿನ ರೆಕ್ಕೆ ಇರುವುದು ಟೈರನ್ನು ನೆಲಕ್ಕೆ ಒತ್ತಿ ತಿರುವಿನಲ್ಲಿ ಹಿಡಿತ ಕೊಡುವುದಕ್ಕೆ. ಆ ಹಿಡಿತಕ್ಕೆ ಬೆಲೆಯಾಗಿ ತೆರುವುದೇ ಗಾಳಿಯ ತಡೆ. ಫಾರ್ಮುಲಾ ಒನ್ ಕಾರಿನ ತಡೆಯ ಗುಣಾಂಕ ನಿಮ್ಮ ಮನೆಯ ಕಾರಿಗಿಂತ ಎರಡು ಪಟ್ಟು, ಅದಕ್ಕೂ ಹೆಚ್ಚು. ಟ್ರ್ಯಾಕಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಇದನ್ನು ಬಲ್ಲವರು. 1980ರ ದಶಕದಲ್ಲಿ, ಇದೇ ಊರಿನಲ್ಲಿ, ಮಾರುತಿ 800ರ 796 ಸಿ.ಸಿ. ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದವರು ಅವರು. ಸಂತೆ ಸಾಮಾನು ತರುವ ಕಾರಿನ ಹೃದಯವನ್ನೇ ತೆಗೆದುಕೊಂಡು ಒಂದು ತಲೆಮಾರಿಗೆ ರೇಸಿಂಗ್ ಕಲಿಸಿದರು. ಮುಂದೆ ಫಾರ್ಮುಲಾ ಒನ್ ತನಕ ಹೋದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಮೊದಮೊದಲು ಓಡಿಸಿದ್ದು ಅಂಥ ಕಾರನ್ನೇ. 1995ರಲ್ಲಿ ವಿಮಾನ ಅಪಘಾತದಲ್ಲಿ ಕರಿ ತೀರಿಕೊಂಡರು. ಅವರಿಂದ ಕಲಿಯಬೇಕಾದದ್ದು ಪ್ರತಿಯೊಂದು ತುಂಡೂ ಯಾಕೆ ಅಲ್ಲಿದೆ ಎಂದು ಕೇಳುವ ಶಿಸ್ತನ್ನು.

ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿ ಮೈಲೇಜು ಹೆಚ್ಚಿಸುತ್ತೇವೆ ಎನ್ನುವ ಮೂರನೆಯ ಪಂಗಡಕ್ಕೆ ಒಂದೇ ಸಾಲು ಸಾಕು. ಅಮೆರಿಕದ ಪರಿಸರ ಸಂಸ್ಥೆ ನೂರಕ್ಕೂ ಹೆಚ್ಚು ಇಂಥ ‘ಇಂಧನ ಉಳಿಸುವ’ ಸಾಧನಗಳನ್ನು ಪರಿಶೀಲಿಸಿದೆ, ಅಯಸ್ಕಾಂತದಿಂದ ಏನೂ ಆಗಿಲ್ಲ.

ಹಾಗಾದರೆ ಕಣಿವೆಯ ಬಾಗಿಲಲ್ಲಿ ವಾಸಿಸುವವರು ಏನು ಮಾಡಬಹುದು? ಅಮೆರಿಕದ ಹವ್ಯಾಸಿಯೊಬ್ಬರು 1992ರ ಹೋಂಡಾ ಸಿವಿಕ್ಕಿಗೆ ಮನೆಯಲ್ಲೇ ಮೂತಿ, ಚಕ್ರದ ಮುಚ್ಚಳ, ಉದ್ದ ಬಾಲ ಕಟ್ಟಿ, 0.31 ಇದ್ದ ಗುಣಾಂಕವನ್ನು ತಮ್ಮ ಲೆಕ್ಕದಂತೆ 0.17ಕ್ಕೆ ಇಳಿಸಿಕೊಂಡರು. ಆ ಶ್ರದ್ಧೆಗೆ ನನ್ನ ನಮಸ್ಕಾರ. ನಮ್ಮಲ್ಲಿ ಅಷ್ಟು ದೂರ ಹೋಗಲು ಕಾನೂನು ಬಿಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಸುಪ್ರೀಂ ಕೋರ್ಟಿನ ತೀರ್ಪು, ಎರಡೂ ತಯಾರಕರು ಕೊಟ್ಟ ರೂಪವನ್ನು ಬದಲಿಸಬಾರದು ಎನ್ನುತ್ತವೆ. ಏನನ್ನಾದರೂ ಬಿಗಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಒಪ್ಪಿಗೆ ಸಿಕ್ಕಿದರೆ ಮೊದಲು ಕೆಳಹೊಟ್ಟೆ ನೋಡಿ. ಮುಂದಿನ ಬಂಪರಿನಿಂದ ಹಿಂದಕ್ಕೆ ಸಪಾಟು ತಟ್ಟೆ ಬಿಗಿಯಬಹುದು, ಸೈಲೆನ್ಸರ್ ಹತ್ತಿರ ಮಾತ್ರ ಸನ್‌ಪ್ಯಾಕ್ ಬೇಡ, ಕರಗಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಅಲ್ಯೂಮಿನಿಯಂ ಹಾಕಿ. ಚಕ್ರಕ್ಕೆ ಸಪಾಟು ಮುಚ್ಚಳ ಒಳ್ಳೆಯದು, ಆದರೆ ಮೇಟ್ಟುಪಾಳ್ಯಂ ದಾಟಿ ಕೂನೂರು ಘಾಟಿ ಹತ್ತುವವರು ಅದನ್ನು ತೆಗೆದಿಡಿ. ಇಳಿಯುವಾಗ ಬ್ರೇಕಿಗೆ ಗಾಳಿ ಬೇಕು. ಗ್ರಿಲ್ ಮುಚ್ಚುವುದು ಚಳಿ ದೇಶದ ವಿದ್ಯೆ. ಎಸಿ ಹಾಕಿಕೊಂಡು ಚಿತ್ತಿರೈ ಬಿಸಿಲಲ್ಲಿ ಓಡುವ ಕಾರಿಗೆ ಅದು ಸಲ್ಲದು.

ಗಾಳಿ ಎಲ್ಲಿ ಅಂಟುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಲು ದುಬಾರಿ ಸಾಧನ ಬೇಕಿಲ್ಲ. ಬೆರಳುದ್ದದ ನೂಲಿನ ತುಂಡುಗಳನ್ನು ಟೇಪಿನಿಂದ ಕಾರಿನ ಮೈಗೆ ಅಂಟಿಸಿ, ಪಕ್ಕದ ಕಾರಿನಿಂದ ಗೆಳೆಯರು ವಿಡಿಯೊ ತೆಗೆಯಲಿ. ನೂಲು ಮಲಗಿದ್ದರೆ ಗಾಳಿ ಅಂಟಿದೆ, ಕುಣಿಯುತ್ತಿದ್ದರೆ ಬಿಟ್ಟಿದೆ. ತಿರುಪ್ಪೂರು ಹತ್ತಿರದಲ್ಲೇ ಇದೆ, ಕನ್ನಡ ಮಾತಾಡುವ ದೇವಾಂಗರ ಮಗ್ಗದ ಮನೆಗಳು ಊರಲ್ಲೇ ಇವೆ, ನೂಲಿಗೆ ನಮಗೆ ಬರವಿಲ್ಲ. ಮೈಲೇಜಿನ ಅಳತೆಯನ್ನು ಮಾತ್ರ ಗಾಳಿ ಬಿದ್ದ ಮಾಸಿ ತಿಂಗಳ ಬೆಳಗಿನ ಜಾವಕ್ಕೆ ಕಾಯ್ದಿರಿಸಿ.

ಈ ಎಲ್ಲಕ್ಕೂ ಮುಂಚೆ ಆಗಬೇಕಾದ ಕೆಲಸಕ್ಕೆ ಶೀಟೂ ಬೇಡ, ಒಪ್ಪಿಗೆಯೂ ಬೇಡ. ಕಾರ್ತಿಕದಲ್ಲಿ ಶಬರಿಮಲೆಗೆಂದು ಚಾವಣಿಗೆ ಬಿಗಿದ ಕ್ಯಾರಿಯರ್ ನಮ್ಮ ಬೀದಿಯ ಎಷ್ಟೋ ಕಾರುಗಳ ಮೇಲೆ ಇನ್ನೂ ಹಾಗೇ ಕೂತಿದೆ. ಚಾವಣಿಯ ಮೇಲಿನ ದೊಡ್ಡ ಮೊಂಡು ಪೆಟ್ಟಿಗೆ ಹೆದ್ದಾರಿಯ ವೇಗದಲ್ಲಿ ಮೈಲೇಜನ್ನು ಶೇ 6ರಿಂದ 17ರ ತನಕ ತಿನ್ನುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯ ಅಳತೆಗಳು ಹೇಳುತ್ತವೆ. ಖಾಲಿ ಕ್ಯಾರಿಯರ್ ಅಷ್ಟು ತಿನ್ನದು, ಆದರೆ ಅದು ವರ್ಷವಿಡೀ ತಿನ್ನುತ್ತದೆ, ಈ ತಿಂಗಳ ಎದುರುಗಾಳಿಯಲ್ಲಿ ಹೆಚ್ಚು ತಿನ್ನುತ್ತದೆ. ನಾಲ್ಕು ಬೋಲ್ಟು, ಒಂದು ಸ್ಪ್ಯಾನರ್. ಈ ಭಾನುವಾರ ವಾಳಯಾರ್ ಕಡೆ ಹೊರಡುವ ಮೊದಲು ಅದನ್ನು ಇಳಿಸಿ ಅಟ್ಟಕ್ಕೆ ಹಾಕಿ.